ಕಡಲಡಿಯ ಪೋರ್ಟ್ ರಾಯಲ್

ಕಿಂಗ್ಸ್‌ಟನ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ 1976ರ ಟೆಸ್ಟ್ ಪಂದ್ಯವೂ ನಮ್ಮ ವಿಶ್ವನಾಥರ ಮುರಿದ ಬೆರಳೂ ನೆನಪಾಗುತ್ತವೆ. ಜಮೈಕಾದ ಆ ರಾಜಧಾನಿಯ ಬಂದರಿಗೆ ಅಡ್ಡಲಾಗಿ ಉದ್ದನೆಯ ಮರಳದಿಣ್ಣೆಯೊಂದು ಚಾಚಿಕೊಂಡಿದೆ. ಅದರ ತುದಿಯಲ್ಲಿರುವ ಬೆಸ್ತರ ಹಳ್ಳಿಯೇ ಪೋರ್ಟ್ ರಾಯಲ್. ಹೋಗುವ ದಾರಿಯಲ್ಲಿ 1853ರ ದೀಪಸ್ತಂಭ. ಹಳ್ಳಿಯಲ್ಲಿ ಕರಿದ ಮೀನು, ಬ್ಯಾಮಿ ಎಂಬ ಮರಗೆಣಸಿನ ರೊಟ್ಟಿ. ನಾನು ಹೋಗಿ ನೋಡಿದವನಲ್ಲ, ಓದಿ ತಿಳಿದವನು. ಹೋದವರಿಗೂ ಊರಿನ ಹೆಚ್ಚಿನ ಭಾಗ ಕಾಣಿಸದು. ಅದು ನೀರಿನಡಿ ಇದೆ.

ಆಂಗ್ಲರು 1655ರಲ್ಲಿ ಸ್ಪೇನಿನವರಿಂದ ಜಮೈಕಾವನ್ನು ಕಿತ್ತುಕೊಂಡು ಈ ಮರಳಿನ ಮೇಲೆ ಊರು ಕಟ್ಟಿದರು. ಸ್ಪೇನಿನ ಹಡಗುಗಳಿಂದ ದೋಚಿದ ಹಣ, ಸಕ್ಕರೆ, ಗುಲಾಮರ ವ್ಯಾಪಾರ ಇವುಗಳಿಂದ ಊರು ಕೊಬ್ಬಿತು. ಇಟ್ಟಿಗೆಯ ಮಾಳಿಗೆ ಮನೆಗಳೆದ್ದವು. 1692ರ ಜೂನ್ 7ರಂದು ಮಧ್ಯಾಹ್ನಕ್ಕೆ ತುಸು ಮುಂಚೆ ಭೂಮಿ ನಡುಗಿತು. ಕೆಲವೇ ನಿಮಿಷಗಳಲ್ಲಿ ಊರಿನ ಸುಮಾರು ಮೂರರಲ್ಲಿ ಎರಡು ಪಾಲು ಕಡಲು ಸೇರಿತು. ಅಂದೇ ಸುಮಾರು 2,000 ಜನ ಸತ್ತರು. ಆಮೇಲೆ ಗಾಯ, ರೋಗಗಳಿಂದ ಸತ್ತವರೂ ಅದಕ್ಕೆ ಕಡಿಮೆಯಿಲ್ಲ. ಕಡಲ್ಗಳ್ಳರ ಪಾಪದ ಕೊಡ ತುಂಬಿತೆಂದು ಅಂದಿನ ಧರ್ಮಭೀರುಗಳು ಬಗೆದರು.

ಆದರೆ ತಪ್ಪು ಮರಳಿನದು. ನೀರು ತುಂಬಿದ ಸಡಿಲ ಮರಳನ್ನು ಜೋರಾಗಿ ಅಲುಗಿಸಿದರೆ ಕಣಗಳ ಹಿಡಿತ ತಪ್ಪಿ ಅದು ಗಂಜಿಯಂತಾಗುತ್ತದೆ. ಭಾರವಾದ ಮನೆಗಳು ನಿಂತಂತೆಯೇ ಇಳಿದವು. ನಡುಕ ನಿಂತೊಡನೆ ಮರಳು ಮತ್ತೆ ಗಟ್ಟಿಯಾಗಿ, ಕುತ್ತಿಗೆಯವರೆಗೆ ಹೂತಿದ್ದವರನ್ನು ಹಾಗೆಯೇ ಬಿಗಿದುಹಿಡಿಯಿತು.

1959ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಅವರ ತಂಡ ಮುಳುಗು ಹಾಕಿ ಹಿತ್ತಾಳೆಯ ಗಡಿಯಾರವೊಂದನ್ನು ಮೇಲೆ ತಂದಿತು. ಮುಳ್ಳುಗಳು ಸವೆದುಹೋಗಿದ್ದವು, ಕ್ಷ-ಕಿರಣ ಹಾಯಿಸಿದಾಗ ಅವುಗಳ ಗುರುತು ಕಂಡಿತು: 11 ಗಂಟೆ 43 ನಿಮಿಷ. 1981ರಿಂದ 1990ರವರೆಗೆ ಡೋನಿ ಹ್ಯಾಮಿಲ್ಟನ್ ಅವರ ತಂಡ ಎಂಟು ಕಟ್ಟಡಗಳನ್ನು ಶೋಧಿಸಿತು. ಈಗ ಅಲ್ಲಿ ಅನುಮತಿಯಿಲ್ಲದೆ ಮುಳುಗು ಹಾಕುವಂತಿಲ್ಲ. 2025ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನೆಲದ ಮೇಲೆ ಉಳಿದಿರುವುದರಲ್ಲಿ ಸೇಂಟ್ ಪೀಟರ್ ಚರ್ಚಿನ ಅಂಗಳದ ಒಂದು ಸಮಾಧಿ ಪ್ರಸಿದ್ಧ. ಲೂಯಿ ಗಾಲ್ದಿ ಎಂಬ ಫ್ರೆಂಚ್ ವರ್ತಕನನ್ನು ಭೂಮಿ ನುಂಗಿತು. ಮತ್ತೊಂದು ನಡುಕ ಅವನನ್ನು ಕಡಲಿಗೆ ಉಗುಳಿತು. ದೋಣಿಯವರು ಎತ್ತಿಕೊಂಡರು ಎಂದು ಕಲ್ಲಿನ ಮೇಲೆ ಬರೆದಿದೆ. ದೇವರ ಕೃಪೆ ಎನ್ನುತ್ತದೆ ಕಲ್ಲು. ಗಾಲ್ದಿ 1739ರವರೆಗೆ ಬಾಳಿದ. ಗುಲಾಮರ ವ್ಯಾಪಾರವೂ ಅವನ ಸಂಪಾದನೆಯ ಒಂದು ದಾರಿಯಾಗಿತ್ತು. ಪಾಪಕ್ಕೆ ಶಿಕ್ಷೆ ಎಂದವರು ಇದಕ್ಕೇನು ಹೇಳುತ್ತಿದ್ದರೋ!

ಅಂದು ಸತ್ತವರಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರೂ ಇದ್ದರು. ಅವರಿಗೆ ಸಮಾಧಿಗಲ್ಲು ಇಲ್ಲ. ಆ ಕಾಲದ ಜಮೈಕಾದಲ್ಲಿ ಮಾಲೀಕ ಸತ್ತಾಗ ತಯಾರಿಸುತ್ತಿದ್ದ ಆಸ್ತಿಪಟ್ಟಿಗಳು ಉಳಿದುಬಂದಿವೆ. ಅವುಗಳಲ್ಲಿ ಪಾತ್ರೆ, ಮಂಚ, ದನಕರುಗಳ ಜೊತೆಗೆ ಮನುಷ್ಯರಿಗೂ ಬೆಲೆ ಕಟ್ಟಿ ಬರೆದಿದ್ದಾರೆ. ಇಷ್ಟು ವರ್ಷ ಗುಮಾಸ್ತಿಕೆ ಮಾಡಿದ ನನ್ನನ್ನು ನಿಂತ ಗಡಿಯಾರಕ್ಕಿಂತ ಆ ಪಟ್ಟಿಗಳೇ ಹೆಚ್ಚು ಕಾಡಿದವು. ಅವನ್ನು ಬರೆದವನೂ ನನ್ನಂಥ ಒಬ್ಬ ಗುಮಾಸ್ತನೇ ಇದ್ದಾನು. ಕೊನೆಯಲ್ಲಿ ಮೊತ್ತ ಕೂಡಿ, ಲೆಕ್ಕ ಸರಿಯಿದೆಯೆಂದು ರುಜು ಹಾಕಿ ಮನೆಗೆ ಹೋಗಿರಬೇಕು.