ಮತ್ಸ್ಯಕೃಷಿಯೂ ಕಡಲ ತಳದ ಸಾಕ್ಷ್ಯವೂ

ಹೊಲದಲ್ಲಿ ಆದ ಕೆಡಕು ಕಣ್ಣಿಗೆ ಬೀಳುತ್ತದೆ. ಕಡಲಿನಲ್ಲಿ ಆದ ಕೆಡಕು ನೀರಿನ ಅಡಿಯಲ್ಲಿ ಅಡಗಿರುತ್ತದೆ. ಆದುದರಿಂದ ಕಡಲಿನಲ್ಲಿ ಮೀನು ಸಾಕುವ ಉದ್ಯಮವು ಬೆಳೆದಂದಿನಿಂದಲೂ, ಅದರಿಂದ ಕಡಲಿಗೆ ಹಾನಿಯಾಗುತ್ತಿದೆಯೆ ಇಲ್ಲವೆ ಎಂಬ ವಿಚಾರವು ಮುಖ್ಯವಾಗಿ ಸಾಕ್ಷ್ಯದ ವಿಚಾರವಾಗಿಯೇ ಇದೆ. ಮೊದಲು ತಳದ ಕೆಸರಿನಲ್ಲಿ ವಾಸಿಸುವ ಹುಳುಗಳನ್ನು ಸಾಕ್ಷಿಗಳನ್ನಾಗಿ ಕರೆದರು. ಈಚೆಗೆ ಅದೇ ಕೆಸರಿನಲ್ಲಿ ಬೆರೆತಿರುವ ಡಿ.ಎನ್.ಎ. ಎಂಬ ವಂಶದ್ರವ್ಯವನ್ನು ಕರೆಯುತ್ತಿದ್ದಾರೆ. ಹೊಸ ಸಾಕ್ಷಿಯು ಬಂದುದರಿಂದ ಹಳೆಯದು ನಿರರ್ಥಕವಾಯಿತೆಂದು ಭಾವಿಸುವವರುಂಟು. ಆದರೆ ಈ ಶಾಸ್ತ್ರವು ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ ಸಂಗತಿಯು ಬೇರೆಯಾಗಿ ತೋರುತ್ತದೆ.

ನಾರ್ವೆ ದೇಶದ ಹಿತ್ರಾ ದ್ವೀಪದಲ್ಲಿ ೧೯೭೦ನೆಯ ಇಸವಿಯಲ್ಲಿ ಗ್ರೋಂಟ್‌ವೆಟ್ ಸಹೋದರರು ಸಾಲ್ಮನ್ ಮೀನಿನ ಮರಿಗಳನ್ನು ತೇಲುವ ಬಲೆಪಂಜರದಲ್ಲಿ ಬಿಟ್ಟು ಸಾಕಿದರು. ಆಧುನಿಕ ಸಾಲ್ಮನ್ ಕೃಷಿಗೆ ಈ ಪ್ರಯತ್ನವು ನಾಂದಿಯಾಯಿತೆನ್ನಬಹುದು. ನಾರ್ವೆ ಸ್ಕಾಟ್ಲೆಂಡುಗಳಲ್ಲಿ ಬೆಟ್ಟಗಳ ನಡುವೆ ಒಳನುಗ್ಗಿರುವ ಆಳವಾದ ಕಡಲಚಾಚುಗಳು ಅಲೆಗಳ ಹೊಡೆತಕ್ಕೆ ಸಿಕ್ಕದಿರುವುದರಿಂದ ಪಂಜರಗಳಿಗೆ ತಕ್ಕ ನೆಲೆಯಾದುವು. ನಾರ್ವೆಯೊಂದರ ಉತ್ಪತ್ತಿಯೇ ೨೦೧೧ರ ವೇಳೆಗೆ ವರ್ಷಕ್ಕೆ ೧೦ ಲಕ್ಷ ಟನ್ನುಗಳನ್ನು ಮೀರಿತು. ಪಂಜರದೊಳಗಿನ ಮೀನುಗಳು ತಿನ್ನದೆ ಬಿಟ್ಟ ಆಹಾರವೂ ಅವುಗಳ ಮಲವೂ ಕೆಳಗಿಳಿದು ತಳದಲ್ಲಿ ಶೇಖರವಾಗುತ್ತವೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಕೆಸರಿನ ಪ್ರಾಣವಾಯುವನ್ನು ತೀರಿಸಿಬಿಡುತ್ತವೆ. ತರುವಾಯ ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವು ಹುಟ್ಟುತ್ತದೆ. ಬೆಗ್ಗಿಯಟೋವ ಎಂಬ ಬ್ಯಾಕ್ಟೀರಿಯಗಳು ಕೆಸರಿನ ಮೇಲೆ ಬಿಳಿಯ ಹಾಸಿನಂತೆ ಹರಡಿಕೊಳ್ಳುತ್ತವೆ. ಇಂತಹ ಸ್ಥಿತಿಗೆ ಬಂದ ತಳದಲ್ಲಿ ಇತರ ಪ್ರಾಣಿಗಳು ಬಾಳಲಾರವು. ಅಷ್ಟೇ ಅಲ್ಲ, ಮೇಲಿನ ಪಂಜರದ ಮೀನಿಗೂ ಅದರಿಂದ ಅಪಾಯವುಂಟು.

ನೀರಿನ ಗುಣವನ್ನು ಅದರಲ್ಲಿ ವಾಸಿಸುವ ಜೀವಿಗಳಿಂದ ತಿಳಿಯಬಹುದೆಂಬ ವಿಚಾರವು ಮತ್ಸ್ಯಕೃಷಿಗಿಂತ ಹಳೆಯದು. ಜರ್ಮನಿಯ ಕೋಲ್ಕ್‌ವಿಟ್ಜ್ ಮತ್ತು ಮಾರ್ಸೊನ್ ಎಂಬ ವಿದ್ವಾಂಸರು ೧೯೦೮ರಲ್ಲಿ ಸಸ್ಯಗಳನ್ನೂ ೧೯೦೯ರಲ್ಲಿ ಪ್ರಾಣಿಗಳನ್ನೂ ಕುರಿತು ಪ್ರಕಟಿಸಿದ ಲೇಖನಗಳಲ್ಲಿ, ಹೊಲಸು ಸೇರಿದ ನದಿಗಳ ಜೀವಿಗಳನ್ನು ಅವುಗಳ ಸಹನಶಕ್ತಿಗೆ ಅನುಸಾರವಾಗಿ ವಿಂಗಡಿಸಿದ್ದರು. ಕಡಲಿನ ತಳಕ್ಕೆ ಇಂತಹ ಕ್ರಮವನ್ನು ಸ್ಥಿರಪಡಿಸಿದವರಲ್ಲಿ ಪಿಯರ್ಸನ್ನರು ಪ್ರಮುಖರು. ಅವರು ಸ್ಕಾಟ್ಲೆಂಡಿನ ಲಾಕ್ ಲಿನ್ನಿ, ಲಾಕ್ ಈಲ್ ಎಂಬ ಕಡಲಚಾಚುಗಳಲ್ಲಿ ಕಾಗದದ ತಿರುಳಿನ ಕಾರ್ಖಾನೆಯೊಂದರ ಕಲ್ಮಷದಿಂದ ತಳದ ಪ್ರಾಣಿಗಳು ಹೇಗೆ ಮಾರ್ಪಟ್ಟುವೆಂಬುದನ್ನು ಹಲವು ವರ್ಷ ನೋಡಿ, ೧೯೭೫ರಲ್ಲಿ ಪ್ರಕಟಿಸಿದರು. ೧೯೭೮ರಲ್ಲಿ ಅವರೂ ಸ್ವೀಡನ್ನಿನ ರೋಸೆನ್‌ಬರ್ಗ್ ಅವರೂ ಕೂಡಿ ಬರೆದ ಪ್ರಬಂಧವು ಈ ಶಾಸ್ತ್ರಕ್ಕೆ ಆಧಾರಗ್ರಂಥದಂತಾಯಿತು. ಕೊಳೆಯುವ ದ್ರವ್ಯವು ಹೆಚ್ಚಿದಂತೆಲ್ಲ ದೊಡ್ಡ ಗಾತ್ರದ, ದೀರ್ಘಕಾಲ ಬದುಕುವ ಪ್ರಾಣಿಗಳು ಮರೆಯಾಗಿ, ಅವುಗಳ ಸ್ಥಾನದಲ್ಲಿ ಕಿರಿಯ, ಅಲ್ಪಾಯುವಾದ ಕೆಲವೇ ಜಾತಿಗಳು ಅಪಾರ ಸಂಖ್ಯೆಯಲ್ಲಿ ತುಂಬಿಕೊಳ್ಳುತ್ತವೆ. ಕಟ್ಟಕಡೆಗೆ ಏನೂ ಉಳಿಯುವುದಿಲ್ಲ ಎಂಬುದು ಅದರ ಸಾರಾಂಶ. ಕಲ್ಮಷವು ಮಿಕ್ಕ ಸ್ಥಳದಲ್ಲಿ ವಿಶೇಷವಾಗಿ ಕಾಣುವ ಕ್ಯಾಪಿಟೆಲ್ಲ ಕ್ಯಾಪಿಟಾಟ ಎಂಬ ಸಣ್ಣ ಕೆಂಪು ಹುಳುವು ಕೆಟ್ಟ ತಳದ ಗುರುತೆಂದು ಪ್ರಸಿದ್ಧವಾಯಿತು.

ಕಾರ್ಖಾನೆಯ ಕಲ್ಮಷಕ್ಕೆ ಅನ್ವಯಿಸಿದ ಈ ಅಳತೆಗೋಲೇ ಮೀನಿನ ಪಂಜರಗಳಿಗೂ ಬಂದಿತು. ೨೦೦೦ದಲ್ಲಿ ಬೊರ್ಹ ಮತ್ತು ಅವರ ಸಂಗಡಿಗರು ತಳದ ಪ್ರಾಣಿಗಳನ್ನು ಅವುಗಳ ಸಹನಶಕ್ತಿಯ ಮೇರೆಗೆ ೫ ವರ್ಗಗಳಾಗಿ ಮಾಡಿ, ಸ್ಥಳವೊಂದರ ಸ್ಥಿತಿಯನ್ನು ಒಂದೇ ಅಂಕಿಯಲ್ಲಿ ಹೇಳುವ ಸೂಚಿಯನ್ನು ರಚಿಸಿದರು. ಅದೇ ವರ್ಷ ನಾರ್ವೆಯಲ್ಲಿ ಪಂಜರಗಳ ಕೆಳಗಿನ ತಳವನ್ನು ಪರೀಕ್ಷಿಸುವುದಕ್ಕಾಗಿ ರಾಷ್ಟ್ರೀಯ ಮಾನದಂಡವೊಂದು ಹೊರಟಿತು. ಇದರಿಂದ ಹುಳುಗಳ ಎಣಿಕೆಯು ವಿದ್ವಾಂಸರ ಕುತೂಹಲದ ವಿಷಯವಾಗಿ ಉಳಿಯದೆ, ಒಂದು ನೆಲೆಯಲ್ಲಿ ಸಾಕಣೆಯನ್ನು ಮುಂದುವರಿಸಬಹುದೆ ಕೂಡದೆ ಎಂಬ ತೀರ್ಮಾನಕ್ಕೆ ಆಧಾರವಾಯಿತು.

ಆದರೆ ಈ ಸಾಕ್ಷ್ಯವನ್ನು ಸಂಗ್ರಹಿಸುವುದು ಸುಲಭವಲ್ಲ. ದೋಣಿಯಿಂದ ಉಕ್ಕಿನ ಬಾಯಿಯುಳ್ಳ ಉಪಕರಣವನ್ನಿಳಿಸಿ ಕೆಸರನ್ನು ತೆಗೆಯಬೇಕು, ಜರಡಿಯಲ್ಲಿ ತೊಳೆಯಬೇಕು, ಉಳಿದ ಜೀವಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಗುರುತಿಸಿ ಎಣಿಸಬೇಕು. ಇದಕ್ಕೆ ಬಹುಕಾಲ ಬೇಕು. ಬಹುಕಾಲದ ಅಭ್ಯಾಸವುಳ್ಳ ತಜ್ಞರೂ ಬೇಕು. ಎಣಿಕೆ ಮುಗಿಯುವಷ್ಟರಲ್ಲಿ ತಳದ ಸ್ಥಿತಿಯೇ ಬದಲಾಗಿರಬಹುದು. ಇದರ ಮೇಲೆ ಕಣ್ಣಿಗೂ ಒಂದು ಮಿತಿಯುಂಟೆಂಬುದು ೧೯೭೬ರಲ್ಲಿಯೇ ತಿಳಿದುಬಂದಿತ್ತು. ಅಮೆರಿಕದ ಗ್ರಾಸ್ಲ್ ದಂಪತಿಗಳು ಕ್ಯಾಪಿಟೆಲ್ಲ ಹುಳುವಿನ ಕಿಣ್ವಗಳನ್ನು ಪರೀಕ್ಷಿಸಿ, ಒಂದೇ ಜಾತಿಯೆಂದು ನಂಬಿದ್ದುದರಲ್ಲಿ ಆಕಾರದಿಂದ ಬೇರ್ಪಡಿಸಲಾಗದ ೬ ಜಾತಿಗಳು ಅಡಗಿವೆಯೆಂದು ತೋರಿಸಿದರು. ಪ್ರಧಾನ ಸಾಕ್ಷಿಯ ಹೆಸರೇ ಸಂದಿಗ್ಧವೆಂದಾಯಿತು.

ಹೊಸ ಸಾಕ್ಷಿಯು ಬೇರೊಂದು ದಾರಿಯಿಂದ ಬಂದಿತು. ೧೯೮೭ರಲ್ಲಿ ಓಗ್ರಂ ಮೊದಲಾದವರು ಸೂಕ್ಷ್ಮಜೀವಿಗಳ ಡಿ.ಎನ್.ಎ.ಯನ್ನು ಕೆಸರಿನಿಂದಲೇ ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿದರು. ೨೦೦೩ರಲ್ಲಿ ವಿಲ್ಲರ್ಸ್‌ಲೆವ್ ಮೊದಲಾದವರು ಸೈಬೀರಿಯದ ಹೆಪ್ಪುಗಟ್ಟಿದ ನೆಲದಿಂದ, ಎಲುಬಾಗಲಿ ಎಲೆಯಾಗಲಿ ಕಾಣದಿದ್ದರೂ, ಗತಿಸಿಹೋದ ಪ್ರಾಣಿಗಳ ಮತ್ತು ಗಿಡಗಳ ಗುರುತನ್ನು ತೆಗೆದರು. ೨೦೦೮ರಲ್ಲಿ ಫಿಚೆತೊಲ ಮತ್ತು ಸಂಗಡಿಗರು ಫ್ರಾನ್ಸಿನ ಕೊಳಗಳ ನೀರನ್ನಷ್ಟೇ ಪರೀಕ್ಷಿಸಿ ಅಲ್ಲಿ ಅಮೆರಿಕದ ಗೂಳಿಗಪ್ಪೆ ಇರುವುದನ್ನು ಕಂಡುಹಿಡಿದರು. ಪ್ರಾಣಿಯು ಉದುರಿಸಿದ ಜೀವಕಣ, ಲೋಳೆ, ಮಲಗಳಲ್ಲಿ ಅದರ ವಂಶದ್ರವ್ಯವು ಉಳಿದಿರುವುದೇ ಇದಕ್ಕೆ ಕಾರಣ. ಇಂತಹ ದ್ರವ್ಯಕ್ಕೆ ಪರಿಸರ ಡಿ.ಎನ್.ಎ. ಎಂದು ಹೆಸರಾಗಿದೆ. ಅಲ್ಪವಾದ ದ್ರವ್ಯವನ್ನು ಪ್ರತಿಮಾಡಿ ಹೆಚ್ಚಿಸುವ ಉಪಾಯವೂ, ಲಕ್ಷಾಂತರ ತುಣುಕುಗಳನ್ನು ಒಮ್ಮೆಗೇ ಓದುವ ಯಂತ್ರಗಳೂ ದೊರೆತ ಮೇಲೆ, ಒಂದು ಚಮಚ ಕೆಸರಿನಿಂದ ಇಡೀ ಜೀವಸಮೂಹದ ಪಟ್ಟಿಯನ್ನು ತಯಾರಿಸುವುದು ಸಾಧ್ಯವಾಯಿತು.

ಇದನ್ನು ಮೀನಿನ ಪಂಜರಗಳಿಗೆ ಅನ್ವಯಿಸಿದವರಲ್ಲಿ ಜಿನೀವದ ಪಾವ್ಲೊವ್ಸ್ಕಿಯವರೂ ಅವರ ಸಂಗಡಿಗರೂ ಮೊದಲಿಗರು. ಅವರು ೨೦೧೪ರಲ್ಲಿ ಸ್ಕಾಟ್ಲೆಂಡಿನ ಎರಡು ಸಾಕಣೆಯ ನೆಲೆಗಳ ಕೆಸರಿನಲ್ಲಿ ಫೊರಾಮಿನಿಫೆರ ಎಂಬ ಏಕಕಣಜೀವಿಗಳ ವಂಶದ್ರವ್ಯವನ್ನು ಓದಿ, ಪಂಜರದ ಸಮೀಪದ ಸಮೂಹವು ದೂರದ ಸಮೂಹಕ್ಕಿಂತ ಬಹಳ ಭಿನ್ನವೆಂದೂ, ಹಾನಿಗೊಂಡ ಸ್ಥಳದಲ್ಲಿ ಜಾತಿಗಳು ಕಡಮೆಯಾಗುವುವೆಂದೂ ತೋರಿಸಿದರು. ಮರುವರ್ಷ ನ್ಯೂಜಿಲೆಂಡಿನ ಸಾಲ್ಮನ್ ಸಾಕಣೆಯಲ್ಲಿ ಪೊಶೋನ್ ಮೊದಲಾದವರು ಇದೇ ಜೀವಿಗಳಿಂದ ಕೆಸರಿನ ಸ್ಥಿತಿಯನ್ನು ಸರಿಯಾಗಿ ಅಳೆಯಬಹುದೆಂದು ಕಂಡರು. ೨೦೧೮ರಲ್ಲಿ ಸ್ಟೋಕ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಗಳಿಂದಲೂ ಹಾಗೆಯೇ ಅಳೆಯಬಹುದೆಂದು ತೋರಿಸಿದರು. ಈ ನಡುವೆ ೨೦೧೭ರಲ್ಲಿ ಕಾರ್ಡಿಯೆ ಮೊದಲಾದವರು ನಾರ್ವೆಯ ಸಾಕಣೆಗಳ ಕೆಸರನ್ನು ತೆಗೆದುಕೊಂಡು ಇನ್ನೂ ಮುಂದೆ ಹೋಗಿದ್ದರು. ಓದಿದ ತುಣುಕು ಯಾವ ಜೀವಿಯದೆಂದು ತಿಳಿಯದಿದ್ದರೂ ಚಿಂತೆಯಿಲ್ಲ. ಯಾವ ತುಣುಕುಗಳು ಕೆಟ್ಟ ತಳದಲ್ಲಿ, ಯಾವುವು ಒಳ್ಳೆಯ ತಳದಲ್ಲಿ ಕಾಣುತ್ತವೆಂಬುದನ್ನು ಗಣಕಯಂತ್ರಕ್ಕೆ ಕಲಿಸಿದರೆ ಅದು ಹೊಸ ಕೆಸರಿನ ಸ್ಥಿತಿಯನ್ನು ಊಹಿಸಬಲ್ಲದೆಂಬುದು ಅವರ ಸಿದ್ಧಾಂತ. ಹೆಸರಿಲ್ಲದ ಸಾಕ್ಷಿಗಳಿಂದಲೂ ತೀರ್ಪು ಪಡೆಯಬಹುದೆಂದು ಇದರಿಂದ ಸಿದ್ಧವಾಯಿತು.

ಆದರೆ ಗಮನಿಸಬೇಕಾದ ಅಂಶವು ಇಲ್ಲಿಯೇ ಇದೆ. ಒಳ್ಳೆಯ ತಳ ಯಾವುದು, ಕೆಟ್ಟ ತಳ ಯಾವುದು ಎಂಬುದನ್ನು ಯಂತ್ರಕ್ಕೆ ಕಲಿಸಿದವರಾರು? ಅದೇ ಸ್ಥಳಗಳ ಹುಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಗುರುತಿಸಿ ಪಡೆದ ಸೂಚಿಗಳೇ ಅದಕ್ಕೆ ಪಾಠವಾದುವು. ತೇದಿಯಿಲ್ಲದ ಶಾಸನದ ಕಾಲವನ್ನು ತೇದಿಯುಳ್ಳ ಶಾಸನಗಳ ಲಿಪಿಯೊಡನೆ ಹೋಲಿಸಿ ನಿರ್ಣಯಿಸುವ ಪದ್ಧತಿಯು ವಿದ್ವಾಂಸರಿಗೆ ಪರಿಚಿತವಾದುದು. ತೇದಿಯುಳ್ಳವನ್ನು ತಪ್ಪಾಗಿ ಓದಿದ್ದರೆ ಅವುಗಳನ್ನು ಆಶ್ರಯಿಸಿದ ನಿರ್ಣಯಗಳೆಲ್ಲ ತಪ್ಪುತ್ತವೆ. ಇಲ್ಲಿಯೂ ಹಾಗೆಯೇ: ಹುಳುಗಳ ಎಣಿಕೆಯಲ್ಲಿ ದೋಷವಿದ್ದರೆ ಅದು ಯಂತ್ರದ ತೀರ್ಪಿಗೂ ಇಳಿಯುತ್ತದೆ.

ಹೊಸ ಸಾಕ್ಷಿಗೆ ತನ್ನವೇ ಆದ ದೋಷಗಳೂ ಉಂಟು. ಡಿ.ಎನ್.ಎ. ಸತ್ತ ಜೀವಿಯಿಂದಲೂ ಬಂದಿರಬಹುದು. ಪ್ರವಾಹವು ಬೇರೆಡೆಯಿಂದ ತಂದುದಾಗಿರಬಹುದು. ೨೦೧೪ರ ಪರೀಕ್ಷೆಯಲ್ಲಿ, ಬೇಗನೆ ಅಳಿಯುವುದರಿಂದ ಬದುಕಿರುವ ಜೀವಿಗಳಿಗೆ ಹತ್ತಿರದ ಗುರುತಾದ ಆರ್.ಎನ್.ಎ.ಯನ್ನು ಓದಿದಾಗ ಜಾತಿಗಳ ಇಳಿಕೆಯು ಹೆಚ್ಚು ಸ್ಪಷ್ಟವಾಗಿ ಕಂಡುದು ಈ ಸಂದರ್ಭದಲ್ಲಿ ಸ್ಮರಣೀಯ. ಪ್ರತಿಮಾಡುವ ಕ್ರಿಯೆಯು ಕೆಲವು ಜೀವಿಗಳ ದ್ರವ್ಯವನ್ನು ಹೆಚ್ಚಾಗಿಯೂ ಕೆಲವುಗಳದನ್ನು ಕಡಮೆಯಾಗಿಯೂ ಎತ್ತಿಹಿಡಿಯುವುದರಿಂದ, ತುಣುಕುಗಳ ಸಂಖ್ಯೆಯನ್ನು ಪ್ರಾಣಿಗಳ ಸಂಖ್ಯೆಯೆಂದು ಎಣಿಸಲಾಗದು.

ಹೀಗಿದ್ದರೂ ಹೊಸ ವಿಧಾನದ ಉಪಕಾರವು ಅಲ್ಪವಲ್ಲ. ಸಾಕಣೆಯು ವಿಸ್ತರಿಸಿದಂತೆ ಪರೀಕ್ಷಿಸಬೇಕಾದ ಕೆಸರೂ ಹೆಚ್ಚುತ್ತದೆ. ಅಷ್ಟನ್ನೂ ಸಕಾಲದಲ್ಲಿ ಎಣಿಸಿ ಮುಗಿಸುವಷ್ಟು ತಜ್ಞರು ದೊರೆಯುವುದು ದುರ್ಲಭ. ತಡವಾಗಿ ಬಂದ ಸತ್ಯವು ಕಡಲಿಗೂ ಪ್ರಯೋಜನವಿಲ್ಲ, ಸಾಕುವವನಿಗೂ ಪ್ರಯೋಜನವಿಲ್ಲ. ಆದರೆ ಯಂತ್ರವು ಬಂದಿತೆಂದು ಜೀವಿಗಳನ್ನು ಕಣ್ಣಿನಿಂದ ಗುರುತಿಸುವ ವಿದ್ಯೆಯನ್ನು ಕೈಬಿಟ್ಟರೆ, ಯಂತ್ರದ ಮಾತನ್ನು ಒರೆಹಚ್ಚಿ ನೋಡುವ ಕಲ್ಲೇ ಇಲ್ಲದಂತಾಗುತ್ತದೆ. ೧೯೦೮ರಿಂದ ಈಚೆಗೆ ಬೆಳೆದುಬಂದ ಹಳೆಯ ವಿದ್ಯೆಯ ಮೇಲೆಯೇ ಹೊಸ ವಿದ್ಯೆಯು ನಿಂತಿದೆಯೆಂಬುದನ್ನು ಮರೆಯದಿರುವುದು, ಕಡಲ ತಳದ ವಿಷಯದಲ್ಲಿ ನ್ಯಾಯವಾದ ತೀರ್ಪನ್ನು ಬಯಸುವವರೆಲ್ಲರಿಗೂ ಅವಶ್ಯಕವಾದುದು.