ಎಂಟು ಹಾಕುವ ಮೊದಲು: ಡ್ರೈವಿಂಗ್ ಲೈಸೆನ್ಸ್ ನಡೆದು ಬಂದ ದಾರಿ

'ಎಂಟು ಹಾಕಿದ್ದಾಯಿತೇ?' ನಮ್ಮ ಊರುಗಳಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕಿದವರನ್ನು ಎದುರಾದವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಆರ್‌ಟಿಓ ಮೈದಾನದಲ್ಲಿ ಕಾಲು ನೆಲಕ್ಕೆ ತಾಗಿಸದೆ ಸ್ಕೂಟರಿನಲ್ಲಿ ಎಂಟರ ಆಕಾರ ಸುತ್ತಿ ಬಂದರೆ ಲೈಸೆನ್ಸ್ ಕೈಗೆ ಬಂದಂತೆಯೇ ಎಂಬುದು ಜನರ ಲೆಕ್ಕ. ಲೈಸೆನ್ಸ್ ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ಲೈಸೆನ್ಸ್ ಎಂದೇ ನಾವು ತಿಳಿದಿದ್ದೇವೆ. ಆದರೆ ಚರಿತ್ರೆಯ ಪುಟ ತಿರುವಿದರೆ ಇವೆರಡೂ ಅವಳಿಗಳಲ್ಲ ಎಂಬುದು ಗೊತ್ತಾಗುತ್ತದೆ. ಬ್ರಿಟನ್ನಿನಂಥ ದೇಶದಲ್ಲಿ ಮೊದಲು ಬಂದದ್ದು ಕಾಗದ. ಪರೀಕ್ಷೆ ಬಂದದ್ದು ಮೂರು ದಶಕಗಳ ನಂತರ, ಅದೂ ಸಾವಿರಾರು ಜನ ರಸ್ತೆಯಲ್ಲಿ ಪ್ರಾಣ ಬಿಟ್ಟ ಮೇಲೆ.

ಮೊದಲ ಕಾಗದ

ಮೋಟಾರು ವಾಹನದ ಜನಕರಲ್ಲೊಬ್ಬನಾದ ಜರ್ಮನಿಯ ಕಾರ್ಲ್ ಬೆಂಜ್‌ಗೇ ಇಂಥದೊಂದು ಕಾಗದ ಬೇಕಾಯಿತು. 1886ರಲ್ಲಿ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಪಡೆದ ಆತ ಅದನ್ನು ಮ್ಯಾನ್‌ಹೈಮ್ ನಗರದ ಬೀದಿಗಳಲ್ಲಿ ಓಡಿಸತೊಡಗಿದಾಗ ಜನ ಗದ್ದಲ ಮತ್ತು ವಾಸನೆಯ ಬಗ್ಗೆ ದೂರಿದರು. ಕೊನೆಗೆ 1888ರ ಆಗಸ್ಟ್‌ನಲ್ಲಿ ಬಾಡೆನ್ ಸಂಸ್ಥಾನದ ಅಧಿಕಾರಿಗಳು ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಓಡಿಸಲು ಆತನಿಗೆ ಲಿಖಿತ ಅನುಮತಿ ಕೊಟ್ಟರು. ಇದನ್ನೇ ಜಗತ್ತಿನ ಮೊದಲ ಚಾಲನಾ ಪರವಾನಗಿ ಎಂದು ಹೇಳುವುದುಂಟು. ಸ್ವಾರಸ್ಯವೆಂದರೆ ಅನುಮತಿ ಇದ್ದದ್ದು ಕಾರ್ಲ್ ಹೆಸರಿನಲ್ಲಿ. ಅದೇ ತಿಂಗಳು ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿ.ಮೀ. ದೂರ ಗಾಡಿ ನಡೆಸಿದವಳು ಹೆಂಡತಿ ಬರ್ತಾ.

ಚಾಲಕನಿಗೆ ಓಡಿಸಲು ಬರುತ್ತದೆಯೇ ಎಂದು ಕೇಳುವ ಯೋಚನೆ ಪ್ಯಾರಿಸ್ ಪೊಲೀಸರಿಗೆ ಹೊಳೆಯಿತು. 1893ರ ಆಗಸ್ಟ್‌ನಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ ಮೋಟಾರು ಗಾಡಿ ನಡೆಸುವವರು 'ಸಾಮರ್ಥ್ಯ ಪತ್ರ' ಪಡೆಯಬೇಕಿತ್ತು. ಜರ್ಮನಿಯ ಪ್ರಶ್ಯಾ ಪ್ರಾಂತ್ಯ 1903ರಲ್ಲಿ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅದನ್ನು ನಡೆಸುವ ಹೊಣೆ ಬಿದ್ದದ್ದು ಕಾರ್ಖಾನೆಗಳ ಉಗಿ ಬಾಯ್ಲರ್‌ಗಳನ್ನು ತಪಾಸಣೆ ಮಾಡುತ್ತಿದ್ದ ಸಂಘದ ಎಂಜಿನಿಯರುಗಳ ಮೇಲೆ. ಬಾಯ್ಲರ್ ಸಿಡಿದರೆ ಆಗುವ ಅನಾಹುತದಂತೆಯೇ ಮೋಟಾರೂ ಅಪಾಯದ ಯಂತ್ರ ಎಂಬ ದೃಷ್ಟಿ ಅದರ ಹಿಂದಿತ್ತು.

ಐದು ಶಿಲ್ಲಿಂಗ್ ಇದ್ದರೆ ಸಾಕು

ಬ್ರಿಟನ್ ಹಿಡಿದ ದಾರಿ ಬೇರೆ. ಅಲ್ಲಿನ 1903ರ ಮೋಟಾರ್ ಕಾರ್ ಕಾಯಿದೆ 1904ರ ಜನವರಿ 1ರಿಂದ ಜಾರಿಗೆ ಬಂತು. ಕಾರು ಓಡಿಸುವವನಿಗೆ 17 ವರ್ಷ ತುಂಬಿರಬೇಕು, ಐದು ಶಿಲ್ಲಿಂಗ್ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಅಷ್ಟೇ. ಸ್ಟೀರಿಂಗ್ ಹಿಡಿಯಲು ಬರುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗಾದರೆ ಲೈಸೆನ್ಸ್ ಏಕೆ? ತಪ್ಪು ಮಾಡಿದವನು ಯಾರೆಂದು ಗೊತ್ತಾಗಲಿ, ನ್ಯಾಯಾಲಯ ಅವನ ಅಪರಾಧವನ್ನು ಅದೇ ಕಾಗದದ ಮೇಲೆ ಬರೆದಿಡಲಿ, ಬೇಕಾದರೆ ಅದನ್ನು ಕಿತ್ತುಕೊಳ್ಳಲಿ ಎಂಬುದಕ್ಕೆ. ಅಂದರೆ ಆ ಕಾಗದ ಯೋಗ್ಯತೆಯ ಪ್ರಮಾಣಪತ್ರವಾಗಿರಲಿಲ್ಲ, ಚಾಲಕನಿಗೆ ಕಟ್ಟಿದ ಮೂಗುದಾರವಾಗಿತ್ತು.

ಇದರ ಬೆಲೆ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಮಂದಿ ಸತ್ತರು. ಅದೇ ವರ್ಷದ ರಸ್ತೆ ಸಂಚಾರ ಕಾಯಿದೆ ಚಾಲನಾ ಪರೀಕ್ಷೆಯನ್ನು ತಂದಿತು. 1935ರ ಮಾರ್ಚ್‌ನಲ್ಲಿ ಇಷ್ಟವಿದ್ದವರಿಗೆ, ಜೂನ್ 1ರಿಂದ ಹೊಸ ಚಾಲಕರಿಗೆಲ್ಲ ಕಡ್ಡಾಯವಾಗಿ ಪರೀಕ್ಷೆ ಆರಂಭವಾಯಿತು. ಪಟ್ಟಣಗಳಲ್ಲಿ ಗಂಟೆಗೆ 30 ಮೈಲಿಯ ವೇಗಮಿತಿ, ಕಲಿಯುವವರ ಗಾಡಿಗೆ 'ಎಲ್' ಫಲಕ ಇವೂ ಆಗಲೇ ಬಂದವು. 1935ರಲ್ಲಿ ಸತ್ತವರ ಸಂಖ್ಯೆ 6,502ಕ್ಕೆ ಇಳಿಯಿತು. ಇಳಿಕೆಯ ಶ್ರೇಯಸ್ಸನ್ನೆಲ್ಲ ಪರೀಕ್ಷೆಗೇ ಕೊಡಲಾಗದು. ವೇಗಮಿತಿಯ ಪಾಲೂ ಅದರಲ್ಲಿತ್ತು. ಆದರೂ ಪರೀಕ್ಷೆ ಬೇಡವೆನ್ನುವವರ ಬಾಯಿ ಅಲ್ಲಿಗೆ ಮುಚ್ಚಿತು. ಎರಡನೇ ಮಹಾಯುದ್ಧದಲ್ಲಿ ನಿಂತುಹೋದ ಪರೀಕ್ಷೆ 1946ರಲ್ಲಿ ಮತ್ತೆ ಶುರುವಾಯಿತು.

ನಮ್ಮಲ್ಲಿ ಮೂರು ಕಾಯಿದೆ

ಭಾರತದಲ್ಲಿ ಈ ಕತೆ ಮೂರು ಕಾಯಿದೆಗಳ ಮೂಲಕ ಸಾಗುತ್ತದೆ. 1914ರ ಭಾರತೀಯ ಮೋಟಾರು ವಾಹನ ಕಾಯಿದೆ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ನಡೆಸುವಂತಿಲ್ಲ ಎಂದಿತು. 1939ರ ಕಾಯಿದೆ ಚಾಲಕರ ಪರೀಕ್ಷೆಯ ವಿವರಗಳನ್ನು ಹೇಳಿದ್ದಲ್ಲದೆ, ವಾಹನದಿಂದ ಪೆಟ್ಟು ತಿನ್ನುವ ಮೂರನೆಯವರ ಸಲುವಾಗಿ ಕಡ್ಡಾಯ ವಿಮೆಯ ಅಧ್ಯಾಯವನ್ನೂ ಸೇರಿಸಿತು. ಈಗ ಚಾಲ್ತಿಯಲ್ಲಿರುವುದು 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯಿದೆ. ಮೊದಲು ಆರು ತಿಂಗಳ ಕಲಿಕಾ ಪರವಾನಗಿ, 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆ, ಸಾಮಾನ್ಯ ವಾಹನಕ್ಕೆ 18 ವರ್ಷ, ಬಾಡಿಗೆ ಮತ್ತು ಸರಕು ಸಾಗಣೆ ವಾಹನಕ್ಕೆ 20 ವರ್ಷ ಎಂಬುದು ಅದರ ಕ್ರಮ.

ಯಾರಿಗೆ ಲೈಸೆನ್ಸ್ ಕೊಡಬೇಕು ಎಂಬುದು ಯಾವ ಕಾಲದಲ್ಲೂ ತಕರಾರಿನ ವಿಷಯವೇ. ಸೌದಿ ಅರೇಬಿಯಾದಲ್ಲಿ ಹೆಂಗಸರು ಲೈಸೆನ್ಸ್ ಪಡೆದು ವಾಹನ ನಡೆಸಲು 2018ರ ಜೂನ್‌ವರೆಗೆ ಕಾಯಬೇಕಾಯಿತು. ನಮ್ಮಲ್ಲೂ ಬೇಲಿಗಳಿದ್ದವು. ಸಾಗಣೆ ವಾಹನದ ಚಾಲಕ ಎಂಟನೇ ತರಗತಿ ಓದಿರಬೇಕೆಂಬ ಷರತ್ತನ್ನು 2019ರಲ್ಲಿ ಕೈಬಿಡಲಾಯಿತು. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಲಾರಿಯ ಕ್ಲೀನರ್ ಕೆಲಸದಿಂದ ಸ್ಟೀರಿಂಗ್‌ವರೆಗೆ ಬಂದವರಿಗೆ ಇದು ಅನ್ನದ ಪ್ರಶ್ನೆಯಾಗಿತ್ತು. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೆ 2020ರಲ್ಲಿ ಬಾಗಿಲು ತೆರೆಯಿತು.

ಕಾಗದ ತಪ್ಪಿದರೆ ಪೆಟ್ಟು ಯಾರಿಗೆ?

ಲೈಸೆನ್ಸ್ ಇಲ್ಲದಿದ್ದರೆ ದಂಡ ಕಟ್ಟಿದರಾಯಿತು ಎನ್ನುವವರಿದ್ದಾರೆ. 2019ರ ತಿದ್ದುಪಡಿ ಕಾಯಿದೆಯಲ್ಲಿ ಆ ದಂಡವನ್ನು 500 ರೂಪಾಯಿಯಿಂದ 5,000ಕ್ಕೆ ಏರಿಸಿತು. ಮಗನ ಕೈಗೆ ಬೈಕಿನ ಕೀಲಿ ಕೊಡುವ ತಂದೆ ತಾಯಿ ಗಮನಿಸಬೇಕಾದ ಮಾತೊಂದಿದೆ. ಅಪ್ರಾಪ್ತ ವಯಸ್ಕ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಲು ಅದೇ ತಿದ್ದುಪಡಿ ಅವಕಾಶ ಕೊಟ್ಟಿದೆ.

ಆದರೆ ದಂಡಕ್ಕಿಂತ ದೊಡ್ಡದು ಅಪಘಾತದ ನಂತರದ ಲೆಕ್ಕ. 2022ರೊಂದರಲ್ಲೇ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇಂಥ ಸಾವಿನ ನಂತರ ಪರಿಹಾರ ಕೇಳಿ ಕುಟುಂಬ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದಾಗ ವಿಮಾ ಕಂಪೆನಿಯ ವಕೀಲರು ಮೊದಲು ಹುಡುಕುವುದರಲ್ಲಿ ಚಾಲಕನ ಲೈಸೆನ್ಸೂ ಒಂದು. ಅವಧಿ ಮುಗಿದಿತ್ತೇ? ಆ ಬಗೆಯ ವಾಹನ ನಡೆಸಲು ಅದರಲ್ಲಿ ಅನುಮತಿ ಇತ್ತೇ? ಎಲ್ಲಾದರೂ ಕೊರತೆ ಕಂಡರೆ 'ನಾವು ಹೊಣೆಯಲ್ಲ' ಎಂಬ ವಾದ ಸಿದ್ಧ. ಗಂಡನನ್ನು ಕಳೆದುಕೊಂಡ ಹೆಂಗಸು ಯಾರದೋ ಲೈಸೆನ್ಸಿನ ದಿನಾಂಕಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಯಾವ ನ್ಯಾಯ?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಲೈಸೆನ್ಸ್ ಇಲ್ಲ ಅಥವಾ ನಕಲಿ ಎಂದ ಮಾತ್ರಕ್ಕೆ ಕಂಪೆನಿ ತಪ್ಪಿಸಿಕೊಳ್ಳುವಂತಿಲ್ಲ, ಮಾಲೀಕನ ತಪ್ಪನ್ನೂ ಸಾಬೀತು ಮಾಡಬೇಕು ಎಂದಿತು. ಸಾಬೀತಾದರೂ, ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಇನ್ನೊಂದು ಹಳೆಯ ಗೊಂದಲವನ್ನು ಬಗೆಹರಿಸಿತು. ಲಘು ವಾಹನದ ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕಿಲೋ ಮೀರದ ಸಾಗಣೆ ವಾಹನವನ್ನೂ ನಡೆಸಬಹುದು, ಪ್ರತ್ಯೇಕ ಅನುಮೋದನೆ ಬೇಡ ಎಂದಿತು. ಸಣ್ಣ ಗೂಡ್ಸ್ ಗಾಡಿ, ಟ್ಯಾಕ್ಸಿ ನಂಬಿದ ಸಾವಿರಾರು ಚಾಲಕರು ಇದರಿಂದ ನಿಟ್ಟುಸಿರು ಬಿಟ್ಟರು.

ಉಳಿಸಿಕೊಳ್ಳುವುದು ಹೇಗೆ?

ಒಮ್ಮೆ ಪಡೆದರೆ ಜೀವನಪೂರ್ತಿ ಚಿಂತೆಯಿಲ್ಲ ಎಂಬುದು ತಪ್ಪು ತಿಳಿವಳಿಕೆ. 2019ರ ತಿದ್ದುಪಡಿಯಂತೆ, 30 ತುಂಬುವ ಮೊದಲು ಸ್ವಂತ ವಾಹನದ ಲೈಸೆನ್ಸ್ ಪಡೆದವರಿಗೆ ಅದು 40 ವರ್ಷ ವಯಸ್ಸಿನವರೆಗೆ ಊರ್ಜಿತ. 30ರಿಂದ 50ರೊಳಗೆ ಪಡೆದರೆ ಅಥವಾ ನವೀಕರಿಸಿದರೆ 10 ವರ್ಷ. 50ರಿಂದ 55ರೊಳಗಿನವರಿಗೆ 60 ತುಂಬುವವರೆಗೆ. 55 ದಾಟಿದವರಿಗೆ ಐದೈದು ವರ್ಷ. ಸಾಗಣೆ ವಾಹನದ್ದು 5 ವರ್ಷ. ಅಪಾಯಕಾರಿ ಸರಕು ಸಾಗಿಸುವವರಿಗೆ 3 ವರ್ಷ.

ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತದೆ ಎಂಬ ಹಳೆಯ ರಿಯಾಯಿತಿಯನ್ನು ಇದೇ ತಿದ್ದುಪಡಿ ತೆಗೆದುಹಾಕಿದೆ. ಹಿರಿಯ ಚಾಲಕರು ಈಗಲೂ ಅದನ್ನು ನಂಬಿ ಕೂರುವುದುಂಟು. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮೂವತ್ತು ವರ್ಷ ಗಾಡಿ ಓಡಿಸಿದವರೂ ಮತ್ತೆ ಪರೀಕ್ಷೆಗೆ ನಿಲ್ಲಬೇಕು.

ಪರೀಕ್ಷೆಯೇ ಇಲ್ಲದೆ ಶುರುವಾದ ಬ್ರಿಟನ್ನಿನ ಕಾಗದಕ್ಕೂ ನಮ್ಮ ಜೇಬಿನ ಕಾರ್ಡಿಗೂ ನೂರಿಪ್ಪತ್ತು ವರ್ಷಗಳ ಅಂತರವಿದೆ. ಆ ಕಾಗದ ತಪ್ಪು ಮಾಡಿದವನನ್ನು ಗುರುತಿಸುತ್ತಿತ್ತು. ಈ ಕಾರ್ಡು ದಾರಿಹೋಕನಿಗೂ ಒಂದು ಭರವಸೆ ಕೊಡಬೇಕು: ಎದುರಿನಿಂದ ಬರುತ್ತಿರುವವನಿಗೆ ಗಾಡಿ ನಿಲ್ಲಿಸಲು ಬರುತ್ತದೆ, ನಿಲ್ಲಿಸಲಾಗದೆ ಹೋದರೆ ಮನೆಯವರು ಬೀದಿಗೆ ಬೀಳುವುದಿಲ್ಲ ಎಂದು. ಆ ಭರವಸೆ ಎಲ್ಲಿಯವರೆಗೆ ಊರ್ಜಿತ ಎಂಬುದು ಕಾರ್ಡಿನ ಮೇಲೆಯೇ ಅಚ್ಚಾಗಿದೆ. ಇಂದು ಸಂಜೆ ಒಮ್ಮೆ ತೆಗೆದು ನೋಡುವುದು ಒಳ್ಳೆಯದು.