ಮನೆಯಂಗಳದ ಹಕ್ಕಿಗಳು: ಯಾವುದಕ್ಕೆ ಯಾವ ಆಹಾರ?

ಬೆಳಗ್ಗೆ ತಾರಸಿಯಲ್ಲೋ ಬಸದಿಯ ಅಂಗಳದಲ್ಲೋ ಹಕ್ಕಿಗಳಿಗೆ ಕಾಳು ಹಾಕುವುದು ಅನೇಕ ಜೈನ ಕುಟುಂಬಗಳ ರೂಢಿ. ಯಾವ ಹಕ್ಕಿ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ನಾವು ಹಾಕುವ ಕಾಳೇ ತೀರ್ಮಾನಿಸುತ್ತದೆ.

ಜೋಳ, ಗೋಧಿ, ಮೆಕ್ಕೆಜೋಳವನ್ನು ನೆಲದ ಮೇಲೆ ಹರಡಿದರೆ ನಗರದಲ್ಲಿ ಬರುವುದು ಹೆಚ್ಚಾಗಿ ಪಾರಿವಾಳಗಳೇ. ಪಾರಿವಾಳ ಕಾಳನ್ನು ಇಡಿಯಾಗಿ ನುಂಗುತ್ತದೆ. ಗುಬ್ಬಚ್ಚಿ ಕೊಕ್ಕಿನಲ್ಲೇ ಸಿಪ್ಪೆ ಬಿಡಿಸಿ ತಿನ್ನುತ್ತದೆ. ಅದಕ್ಕೆ ನವಣೆ, ಸಾಮೆ, ಸಜ್ಜೆ, ಅಕ್ಕಿನುಚ್ಚು ಸರಿ. ರಾಟವಾಳಕ್ಕೂ ನವಣೆ ಪ್ರಿಯ. ಗಿಳಿಗೆ ಸೂರ್ಯಕಾಂತಿ ಬೀಜ, ಸೀಬೆಹಣ್ಣು, ಮೆಣಸಿನಕಾಯಿ ಇಷ್ಟ. ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದಿಲ್ಲ. ಪಿಕಳಾರ, ಕೋಗಿಲೆ, ಕುಟ್ರುಹಕ್ಕಿಗಳಿಗೆ ಕಾಳಿಗಿಂತ ಮಾಗಿದ ಪಪ್ಪಾಯಿ, ಬಾಳೆಹಣ್ಣು ಬೇಕು. ಗೊರವಂಕ, ಕಾಗೆಗಳಿಗೆ ಅನ್ನವೂ ಆದೀತು. ಅಂದಹಾಗೆ, ಭಾರತದ ಹುಚ್ಚೆಳ್ಳು ಅಮೆರಿಕಕ್ಕೆ ಹಕ್ಕಿಗಳ ಆಹಾರವಾಗಿಯೇ ರಫ್ತಾಗುತ್ತದೆ. ಅಲ್ಲಿನ ಗೋಲ್ಡ್‌ಫಿಂಚ್‌ಗಳಿಗೆ ಅದು ಅಚ್ಚುಮೆಚ್ಚು.

ಕಾಳು ಹಾಕಿದಷ್ಟೂ ಪಾರಿವಾಳ ಹೆಚ್ಚುತ್ತದೆ, ಗುಬ್ಬಚ್ಚಿ ಹೆಚ್ಚುವುದಿಲ್ಲ. ಏಕೆ? ಗಂಡು ಹೆಣ್ಣು ಪಾರಿವಾಳಗಳೆರಡೂ ಗಂಟಲಚೀಲದಲ್ಲಿ ಊರುವ ಹಾಲಿನಂತಹ ಪದಾರ್ಥವನ್ನು ಮರಿಗಳಿಗೆ ಉಣಿಸುತ್ತವೆ. ಹೀಗಾಗಿ ಬರೀ ಕಾಳಿದ್ದರೂ ವರ್ಷವಿಡೀ ಮರಿ ಮಾಡಬಲ್ಲವು. ಗುಬ್ಬಚ್ಚಿಯ ಎಳೆಮರಿಗೆ ಮಾತ್ರ ಹುಳುಗಳೇ ಬೇಕು. ನಮ್ಮ ನವಣೆ ದೊಡ್ಡ ಗುಬ್ಬಚ್ಚಿಯ ಹೊಟ್ಟೆ ತುಂಬಿಸುತ್ತದೆ, ಮರಿಯದಲ್ಲ. ಅಂಗಡಿಯಲ್ಲಿ ಸಿಗುವ ಒಣಹುಳು ನಮ್ಮ ಮನೆಗಳಿಗೆ ಹೊಂದದು. ದಾಸವಾಳ, ತುಳಸಿ, ನುಗ್ಗೆ ಬೆಳೆಸಿ ಕೀಟನಾಶಕ ಸಿಂಪಡಿಸದಿದ್ದರೆ ಸಾಕು, ಉಳಿದದ್ದನ್ನು ಗುಬ್ಬಚ್ಚಿಯೇ ನೋಡಿಕೊಳ್ಳುತ್ತದೆ.

ಪಾರಿವಾಳಗಳ ಒಣಗಿದ ಹಿಕ್ಕೆಯ ಧೂಳು ಕೆಲವರಲ್ಲಿ ಶ್ವಾಸಕೋಶದ ಕಾಯಿಲೆ ತರುತ್ತದೆ. 2025ರಲ್ಲಿ ಮುಂಬೈನ ದಾದರ್ ಕಬೂತರ್‌ಖಾನಾವನ್ನು ಪಾಲಿಕೆ ಮುಚ್ಚಿದ್ದೂ, ಸಮಾಜದ ಅನೇಕರು ಪ್ರತಿಭಟಿಸಿದ್ದೂ ಓದುಗರಿಗೆ ನೆನಪಿರಬಹುದು. ಪಾರಿವಾಳದ ಜೀವವೂ ಜೀವವೇ, ಪಕ್ಕದ ಮನೆಯ ಅಸ್ತಮಾ ರೋಗಿಯದೂ ಅಷ್ಟೇ. ಮೂಟೆಗಟ್ಟಲೆ ಸುರಿಯುವ ಬದಲು ಒಂದು ಹಿಡಿ ಸಣ್ಣ ಧಾನ್ಯವನ್ನು, ಪಾರಿವಾಳಕ್ಕೆ ಕೂರಲು ಜಾಗವಿಲ್ಲದ ಚಿಕ್ಕ ತೂಗುಬುಟ್ಟಿಯಲ್ಲಿ ಇಡುವುದೇ ಮೇಲು.

ಮಿಕ್ಸ್‌ಚರ್, ಚಿಪ್ಸ್‌ನಂತಹ ಉಪ್ಪಿನ ತಿಂಡಿ ಬೇಡ. ಬ್ರೆಡ್ಡಿನಲ್ಲಿ ಪೋಷಕಾಂಶ ಕಡಿಮೆ. ಉಳಿದ ಕಾಳನ್ನು ಸೂರ್ಯಾಸ್ತದೊಳಗೆ ಗುಡಿಸಿ ತೆಗೆಯಬೇಕು: ತೇವಕ್ಕೆ ಬೂಷ್ಟು ಹಿಡಿದು ಹುಳುವಾಗುತ್ತದೆ, ರಾತ್ರಿ ಇಲಿ ಬರುತ್ತದೆ, ಮರುದಿನ ಯಾರೋ ಇಲಿಪಾಷಾಣ ಇಡುತ್ತಾರೆ. ನೀರಿನ ಬಟ್ಟಲನ್ನು ದಿನವೂ ತೊಳೆದು, ಸೋಸಿದ ನೀರು ತುಂಬಿ.